ತಂಡದ ಪಾದ್ರಿ ಮತ್ತು ಕೋಚ್ ಕೈಯಲ್ಲಿರುವ ಪಟ್ಟಿ

ಪ್ರಶ್ನೆ: ನಾವು ದಾವಣಗೆರೆಯವರು. ಅಮೆರಿಕಕ್ಕೆ ಬಂದು ಹದಿನೇಳು ವರ್ಷ ಆಯಿತು. ಮಗಳು ದಕ್ಷಿಣದ ಒಂದು ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಅಲ್ಲಿನ ಓಟದ ತಂಡದಲ್ಲಿದ್ದಾಳೆ, ಅರ್ಧ ಫೀಸು ಸ್ಕಾಲರ್‌ಶಿಪ್ಪಿನಲ್ಲೇ ಹೋಗುತ್ತದೆ. ಈ ತಂಡಕ್ಕೆ ಒಬ್ಬ ಚಾಪ್ಲಿನ್, ಅಂದರೆ ತಂಡದ ಪಾದ್ರಿ, ಇದ್ದಾರೆ. ಸ್ಪರ್ಧೆಗೆ ಮುಂಚೆ ಎಲ್ಲರೂ ಕೈ ಕೈ ಹಿಡಿದು ದುಂಡಗೆ ನಿಲ್ಲುತ್ತಾರಂತೆ, ಅವರು ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸುತ್ತಾರಂತೆ. ಗುರುವಾರ ಸಂಜೆ ಬೈಬಲ್ ಓದು. ಬರಲೇಬೇಕು ಅಂತ ಯಾರೂ ಹೇಳಿಲ್ಲ. ಆದರೆ ಎರಡು ವಾರ ಹೋಗದಿದ್ದಾಗ ಜೊತೆಯ ಹುಡುಗಿ "ನಮ್ಮ ಮೇಲೆ ಬೇಜಾರಾ?" ಅಂತ ಕೇಳಿದಳಂತೆ. ಸರ್ಕಾರಿ ಸಂಸ್ಥೆಯಲ್ಲಿ ಇದು ಕಾನೂನಿಗೆ ವಿರುದ್ಧ ಅಲ್ವಾ? ಕೋಚ್‌ಗೆ ಒಂದು ಖಾರವಾದ ಪತ್ರ ಬರೆಯೋಣ ಅಂದರೆ ಮಗಳು "ಬೇಡಪ್ಪ, ಪ್ಲೀಸ್" ಅನ್ನುತ್ತಾಳೆ. ಮತಾಂತರದ ಭಯವೂ ಇದೆ, ಮುಚ್ಚಿಡುವುದಿಲ್ಲ. ಏನು ಮಾಡಬೇಕು?

ಉತ್ತರ: ಪತ್ರದ ವಿಷಯ ಮೊದಲು ಮುಗಿಸಿಬಿಡೋಣ. ಬರೆಯಬೇಡಿ. ನಿಮ್ಮ ಮಗಳು ಹೇಳಿದ್ದೇ ಸರಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ನಾನು ಇಲ್ಲಿನ ಕಾನೂನು ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಸಂವಿಧಾನ ಪಾಠ ಹೇಳುತ್ತಿದ್ದೇನೆ. ಧರ್ಮ ಮತ್ತು ಸರ್ಕಾರದ ಪಾಠ ಬಂದ ವಾರ ಕ್ಲಾಸಿನಲ್ಲಿ ಯಾರೂ ತೂಕಡಿಸುವುದಿಲ್ಲ. ಅದಕ್ಕೆ ಫುಟ್‌ಬಾಲ್ ಸೇರಿಕೊಂಡರಂತೂ ಗಂಟೆ ಮುಗಿದರೂ ಜಗಳ ಮುಗಿಯುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು. ತಂಡಕ್ಕೆ ಚಾಪ್ಲಿನ್ ಇಟ್ಟುಕೊಳ್ಳುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಯಾವತ್ತೂ ಹೇಳಿಲ್ಲ. ಸರಿ ಅಂತಲೂ ಹೇಳಿಲ್ಲ. ಸರ್ಕಾರಿ ಯೂನಿವರ್ಸಿಟಿ ತಂಡದ ಚಾಪ್ಲಿನ್ ವಿಷಯ ನೇರವಾಗಿ ಅದರ ಮುಂದೆ ಬಂದೇ ಇಲ್ಲ. ಹಾಗಾಗಿ ಎರಡೂ ಕಡೆಯವರು ಬೇರೆ ಬೇರೆ ಕೇಸುಗಳಿಂದ ಒಂದೊಂದು ಎಳೆ ಕಿತ್ತು ತಂದು ತಮಗೆ ಬೇಕಾದ ಬಟ್ಟೆ ನೇಯುತ್ತಾರೆ.

ಚಾಪ್ಲಿನ್ ಅಂದರೆ ಚರ್ಚು ಬಿಟ್ಟು ಬೇರೆ ಕಡೆ ಕೆಲಸ ಮಾಡುವ ಪಾದ್ರಿ. ಸೈನ್ಯದಲ್ಲಿ, ಆಸ್ಪತ್ರೆಯಲ್ಲಿ, ಜೈಲಿನಲ್ಲಿ ಇರುತ್ತಾರೆ. ಕ್ರೀಡಾ ತಂಡಗಳಿಗೆ ಇವರು ಬಂದಿದ್ದರ ಹಿಂದೆ ಒಂದು ದೊಡ್ಡ ಸಂಘಟನೆಯ ಕೈ ಇದೆ: 1954ರಲ್ಲಿ ಡಾನ್ ಮೆಕ್‌ಕ್ಲಾನೆನ್ ಅನ್ನುವ ಕೋಚ್ ಶುರು ಮಾಡಿದ ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಅಥ್ಲೀಟ್ಸ್. ಎಷ್ಟೋ ತಂಡಗಳ ಚಾಪ್ಲಿನ್‌ಗಳು ಇದರಿಂದ, ಇಲ್ಲವೇ ಊರಿನ ದೊಡ್ಡ ಚರ್ಚಿನಿಂದ ಬಂದವರು. ಸಂಬಳ ಅಲ್ಲಿಂದಲೇ ಬರುತ್ತದೆ. ಯೂನಿವರ್ಸಿಟಿ ಲೆಕ್ಕದಲ್ಲಿ ಅವರು ಸ್ವಯಂಸೇವಕರು.

ನೊಟ್ರ ಡೇಮ್, ಬೇಲರ್, ಬ್ರಿಗಮ್ ಯಂಗ್ ಇವೆಲ್ಲ ಖಾಸಗಿ, ಚರ್ಚಿನ ನಂಟಿರುವ ಯೂನಿವರ್ಸಿಟಿಗಳು. ಅಲ್ಲಿ ಚಾಪ್ಲಿನ್ ಇದ್ದರೆ ಸಂವಿಧಾನದ ತಕರಾರೇ ಇಲ್ಲ. ತಕರಾರು ಏನಿದ್ದರೂ ಸರ್ಕಾರಿ ಸಂಸ್ಥೆಗಳದ್ದು. 1791ರ ಮೊದಲ ತಿದ್ದುಪಡಿ ಧರ್ಮದ ಬಗ್ಗೆ ಎರಡು ಮಾತು ಹೇಳುತ್ತದೆ. ಸರ್ಕಾರ ಯಾವ ಧರ್ಮವನ್ನೂ ತನ್ನದಾಗಿ ಮಾಡಿಕೊಳ್ಳುವ ಹಾಗಿಲ್ಲ. ಯಾರ ಧರ್ಮಾಚರಣೆಗೂ ಅಡ್ಡ ಬರುವ ಹಾಗೂ ಇಲ್ಲ. ಪಾದ್ರಿಯನ್ನು ತಂಡದ ಬಸ್ಸಿಗೆ ಹತ್ತಿಸಿಕೊಂಡರೆ ಮೊದಲನೆಯದಕ್ಕೆ ಪೆಟ್ಟು ಅನ್ನುವವರಿದ್ದಾರೆ. ಇಳಿಸಿದರೆ ಎರಡನೆಯದಕ್ಕೆ ಪೆಟ್ಟು ಅನ್ನುವವರೂ ಇದ್ದಾರೆ.

ಇಲ್ಲಿ ಒಂದು ಸಣ್ಣ ಕತೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಕಾನೂನು ಓದಲು ಬರುವ ಮುಂಚೆ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಫುಟ್‌ಬಾಲ್ ಆಡಿದ್ದ. ಒಂದು ದಿನ ಹಳೇ ಫೈಲಿನಿಂದ ಮಡಚಿದ ಹಾಳೆ ತೆಗೆದು ತೋರಿಸಿದ. ಪಂದ್ಯದ ಹಿಂದಿನ ರಾತ್ರಿ, ತಮ್ಮ ಊರಿನಲ್ಲೇ ಪಂದ್ಯ ಇದ್ದರೂ, ತಂಡವನ್ನು ಹೋಟೆಲಿನಲ್ಲಿ ಇಡುತ್ತಾರೆ. ಆ ರಾತ್ರಿಯ ವೇಳಾಪಟ್ಟಿ ಅದು. 6:00 ಊಟ. 6:45 ಚಾಪೆಲ್ (ಪ್ರಾರ್ಥನೆ ಸಭೆ), ಇಷ್ಟವಿದ್ದವರಿಗೆ. 7:15 ಮೀಟಿಂಗ್. 9:00 ತಿಂಡಿ. 10:30 ದೀಪ ಆರಿಸುವುದು. "ಇಷ್ಟವಿದ್ದವರಿಗೆ" ಅನ್ನುವುದನ್ನು ದಪ್ಪ ಅಕ್ಷರದಲ್ಲೇ ಮುದ್ರಿಸಿದ್ದರು. ಅವನು ಕ್ಯಾಥೊಲಿಕ್, ತನ್ನ ಪೂಜೆ ತನ್ನ ಚರ್ಚಿನಲ್ಲಿ ಸಾಕು ಅಂತ ಒಳಗೆ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಊಟದ ಹಾಲ್ ಮುಚ್ಚಿದ್ದರು, ರೂಮಿಗೆ ಹೋಗಿ ಬರಲು ಟೈಮಿಲ್ಲ. ಕಾರಿಡಾರಿನಲ್ಲಿ ಐಸ್ ಮೆಷಿನ್ ಪಕ್ಕ ಕೂತು ಫೋನ್ ನೋಡುತ್ತಿದ್ದ. 7:10ಕ್ಕೆ ಬಾಗಿಲು ತೆರೆಯಿತು. ಮೊದಲು ಹೊರಗೆ ಬಂದವರು ಕೋಚ್‌ಗಳು.

"ಕೋಚ್ ಏನೂ ಅನ್ನಲಿಲ್ಲ ಸರ್. ನಕ್ಕು ಭುಜ ತಟ್ಟಿ ಹೋದರು. ಮುಂದಿನ ವಾರ ನಾನೂ ಒಳಗೆ ಹೋಗಿ ಕೂತೆ" ಅಂದ.

ನನಗೆ ಈ ಇಡೀ ವಾದದಲ್ಲಿ ಮುಖ್ಯ ಅನ್ನಿಸುವುದು ಆ ಬಾಗಿಲು. ಯಾರೂ ಬೆದರಿಸಲಿಲ್ಲ, ಯಾರೂ ಬೈಯಲಿಲ್ಲ, ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ನಾಳೆ ಯಾರು ಆಡಬೇಕು ಅಂತ ಪಟ್ಟಿ ಬರೆಯುವ ಮನುಷ್ಯ, ಯಾರು ಒಳಗಿದ್ದರು ಯಾರು ಹೊರಗಿದ್ದರು ಅಂತ ನೋಡಿಬಿಟ್ಟ. ಅಷ್ಟೇ ಸಾಕು.

ಈಗ ಚಾಪ್ಲಿನ್ ಪರ ವಾದ ಮಾಡುವವರ ಮಾತು ಕೇಳೋಣ. 2015ರಲ್ಲಿ ಫ್ರೀಡಮ್ ಫ್ರಮ್ ರಿಲಿಜನ್ ಫೌಂಡೇಶನ್ ಅನ್ನುವ ಸಂಸ್ಥೆ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನವರು, ಸರ್ಕಾರಿ ಯೂನಿವರ್ಸಿಟಿಗಳಿಂದ ದಾಖಲೆ ತರಿಸಿಕೊಂಡು ಫುಟ್‌ಬಾಲ್ ಚಾಪ್ಲಿನ್‌ಗಳ ಬಗ್ಗೆ ಒಂದು ವರದಿ ಹೊರಡಿಸಿದರು. ಅಲಬಾಮಾದ ಆಬರ್ನ್ ಯೂನಿವರ್ಸಿಟಿ ಕೊಟ್ಟ ಉತ್ತರ ಹೆಚ್ಚುಕಡಿಮೆ ಹೀಗಿತ್ತು: ಚಾಪ್ಲಿನ್‌ಗಳು ಎಷ್ಟೋ ಸರ್ಕಾರಿ ಸಂಸ್ಥೆಗಳಲ್ಲಿದ್ದಾರೆ, ಅಮೆರಿಕದ ಸಂಸತ್ತಿನಲ್ಲೇ ಇದ್ದಾರೆ, ನಮ್ಮವರು ನಮ್ಮ ನೌಕರರಲ್ಲ, ಬರುವುದು ಬಿಡುವುದು ಆಟಗಾರರ ಇಷ್ಟ.

ಸಂಸತ್ತಿನ ಮಾತು ಸುಳ್ಳಲ್ಲ. 1789ರಲ್ಲಿ ಮೊದಲ ಕಾಂಗ್ರೆಸ್ ಸಂಬಳ ಕೊಟ್ಟು ಚಾಪ್ಲಿನ್ ಇಟ್ಟುಕೊಳ್ಳಲು ಒಪ್ಪಿದ ಮೂರೇ ದಿನದಲ್ಲಿ ಮೊದಲ ತಿದ್ದುಪಡಿಯ ಮಾತುಗಳನ್ನೂ ಅಂತಿಮ ಮಾಡಿತು. ಅದೇ ಜನ, ಅದೇ ವಾರ. 1983ರಲ್ಲಿ ನೆಬ್ರಾಸ್ಕ ವಿಧಾನಸಭೆಯ ಚಾಪ್ಲಿನ್ ಕೇಸು ಬಂದಾಗ ಸುಪ್ರೀಂ ಕೋರ್ಟ್ ಇದನ್ನೇ ತೋರಿಸಿ "ನಡೆದುಬಂದ ಪದ್ಧತಿ" ಅಂತ ಎತ್ತಿಹಿಡಿಯಿತು. ಸೈನ್ಯದ ಚಾಪ್ಲಿನ್‌ಗಳನ್ನು ಹಾರ್ವರ್ಡ್‌ನ ಇಬ್ಬರು ಕಾನೂನು ವಿದ್ಯಾರ್ಥಿಗಳು ಪ್ರಶ್ನಿಸಿದ್ದರು. 1985ರಲ್ಲಿ ಮೇಲ್ಮನವಿ ಕೋರ್ಟ್ ಅವರ ವಾದ ಒಪ್ಪಲಿಲ್ಲ. ಅಲ್ಲಿನ ಕಾರಣ ಸರಳ: ಸೈನಿಕನನ್ನು ಅವನ ಊರಿನಿಂದ, ಅವನ ಚರ್ಚಿನಿಂದ ಎತ್ತಿಕೊಂಡು ಹೋಗಿ ದೂರದ ದೇಶದಲ್ಲಿ ಬಿಡುವುದು ಸರ್ಕಾರವೇ. ಹಾಗಾಗಿ ಅವನ ಪ್ರಾರ್ಥನೆಗೆ ಏರ್ಪಾಟು ಮಾಡಬೇಕಾದ್ದೂ ಸರ್ಕಾರವೇ.

ಈ ಎರಡು ಕಾರಣ ಓಟದ ತಂಡಕ್ಕೆ ಎಷ್ಟು ಹೊಂದುತ್ತವೆ, ನೀವೇ ಹೇಳಿ. ಶಾಸಕ ಪ್ರಾರ್ಥನೆ ಹೊತ್ತಿನಲ್ಲಿ ಎದ್ದು ಕಾಫಿ ಕುಡಿಯಲು ಹೋದರೆ ಅವನ ಸೀಟು ಯಾರೂ ಕಿತ್ತುಕೊಳ್ಳುವುದಿಲ್ಲ. ಕಾಲೇಜಿನ ಓಟಗಾರ್ತಿಗೆ ಚರ್ಚು ಬೇಕಾದರೆ ದಕ್ಷಿಣದ ರಾಜ್ಯಗಳಲ್ಲಿ ಎರಡು ಬೀದಿಗೊಂದು ಸಿಗುತ್ತದೆ, ನಿಮಗೇ ಗೊತ್ತಲ್ಲ. ಹೋಲಿಕೆ ಕುಂಟುತ್ತದೆ ಅಂತಲೇ ನನ್ನ ಅಭಿಪ್ರಾಯ.

ಕೋರ್ಟುಗಳು ನಿಜವಾಗಿ ಒದ್ದಾಡಿರುವುದು ಬೇರೆ ಪ್ರಶ್ನೆಯ ಮೇಲೆ: ಯೂನಿವರ್ಸಿಟಿ ಹುಡುಗರು ಮಕ್ಕಳಾ, ದೊಡ್ಡವರಾ? ಶಾಲೆಗಳ ವಿಷಯ ಬಹಳ ಕಾಲ ಗಟ್ಟಿಯಾಗಿತ್ತು. 1992ರಲ್ಲಿ ಒಂದು ಶಾಲೆಯ ಪದವಿ ಸಮಾರಂಭದಲ್ಲಿ ಯಹೂದಿ ಗುರುವೊಬ್ಬರು ಮಾಡಿದ ಪ್ರಾರ್ಥನೆ ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರೂ ಎದ್ದು ನಿಂತಾಗ ಹದಿನಾಲ್ಕು ವರ್ಷದ ಮಗು ಒಂದೇ ಕೂತಿರಲು ಆಗುತ್ತದಾ ಅನ್ನುವ ಧಾಟಿಯ ತೀರ್ಪು. 2000ದಲ್ಲಿ ಟೆಕ್ಸಸ್‌ನ ಸಾಂಟಾ ಫೆ ಶಾಲೆಗಳ ಕೇಸು: ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಪ್ರಾರ್ಥನೆ ಬೇಡ ಅಂತ 6-3 ತೀರ್ಪು ಬಂತು. ಆ ಕೇಸು ಹಾಕಿದ್ದು ಒಂದು ಕ್ಯಾಥೊಲಿಕ್ ಕುಟುಂಬ ಮತ್ತು ಒಂದು ಮಾರ್ಮನ್ (ಅಮೆರಿಕದಲ್ಲೇ ಹುಟ್ಟಿದ ಕ್ರೈಸ್ತ ಪಂಥ) ಕುಟುಂಬ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. "ಕ್ರೈಸ್ತರು ಮತ್ತು ನಾವು" ಅಂತ ಗೆರೆ ಎಳೆದುಕೊಂಡು ಕೂತರೆ ನಿಮ್ಮ ಜೊತೆ ನಿಲ್ಲಬಹುದಾದ ಅರ್ಧ ಜನ ಕಳೆದುಹೋಗುತ್ತಾರೆ.

ಯೂನಿವರ್ಸಿಟಿ ಮಟ್ಟಕ್ಕೆ ಬಂದರೆ ಚಿತ್ರ ಕಲಸಿಹೋಗುತ್ತದೆ. ನಮ್ಮವರಿಗೆ ಹತ್ತಿರದ ಒಂದು ಕೇಸು ಇದೆ. ನ್ಯಾಶ್‌ವಿಲ್‌ನ ಟೆನೆಸ್ಸೀ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಠ ಮಾಡುತ್ತಿದ್ದ ದಿಲೀಪ್ ಚೌಧುರಿ ಭಾರತದಿಂದ ಹೋದವರು, ಹಿಂದೂ. ಯೂನಿವರ್ಸಿಟಿಯ ಸಮಾರಂಭಗಳಲ್ಲೆಲ್ಲ ಕ್ರೈಸ್ತ ಪ್ರಾರ್ಥನೆ ಇರುತ್ತಿತ್ತು. ಅವರು ತಕರಾರು ತೆಗೆದರು. ಯೂನಿವರ್ಸಿಟಿ ಮೆತ್ತಗಾಗಿ, ಪ್ರಾರ್ಥನೆ ಬದಲು ಮೌನ ಆಚರಿಸೋಣ ಅಂದಿತು. ಪದವಿ ಸಮಾರಂಭದಲ್ಲಿ ಮೌನ ಅಂತ ಹೇಳಿದ ಕೂಡಲೇ ಸಭೆಯಲ್ಲಿ ಯಾರೋ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಜೋರಾಗಿ ಶುರು ಮಾಡಿದರು. ಸಭೆಯ ಬಹಳಷ್ಟು ಜನ ದನಿಗೂಡಿಸಿದರು. 1997ರಲ್ಲಿ ಮೇಲ್ಮನವಿ ಕೋರ್ಟ್ ಚೌಧುರಿ ವಿರುದ್ಧವೇ ತೀರ್ಪು ಕೊಟ್ಟಿತು. ನೀವು ದೊಡ್ಡವರು, ಪ್ರೊಫೆಸರು, ಒಂದು ಪ್ರಾರ್ಥನೆ ಕಿವಿಗೆ ಬಿದ್ದರೆ ಮತ ಬದಲಾಯಿಸುವವರಲ್ಲ ಅನ್ನುವುದು ಅದರ ತಿರುಳು.

ಆರು ವರ್ಷ ಕಳೆದ ಮೇಲೆ, 2003ರಲ್ಲಿ, ಇನ್ನೊಂದು ಮೇಲ್ಮನವಿ ಕೋರ್ಟ್ ತಿರುಗಿ ನಿಂತಿತು. ವರ್ಜೀನಿಯ ಮಿಲಿಟರಿ ಇನ್‌ಸ್ಟಿಟ್ಯೂಟ್ ಸರ್ಕಾರಿ ಕಾಲೇಜು. ಅಲ್ಲಿ ರಾತ್ರಿ ಊಟಕ್ಕೆ ಮುಂಚೆ ಪ್ರಾರ್ಥನೆ, ಕೆಡೆಟ್‌ಗಳು ಎದ್ದು ನಿಲ್ಲಬೇಕು. ಇವರೂ ಹದಿನೆಂಟು ದಾಟಿದವರೇ. ಆದರೆ ಆ ಕಾಲೇಜಿನ ಶಿಸ್ತೇ ಹಾಗಿದೆ, ಮೇಲಿನವರು ಹೇಳಿದ್ದನ್ನು ಮೀರುವುದು ಅಲ್ಲಿ ಆಗದ ಮಾತು, ಹಾಗಾಗಿ ಇದು ಒತ್ತಾಯವೇ ಅಂತ ಕೋರ್ಟ್ ಹೇಳಿತು.

ಈಗ ನಿಮ್ಮ ಮಗಳ ತಂಡವನ್ನು ಎಲ್ಲಿಡುತ್ತೀರಿ? ಯಾವಾಗ ಬೇಕಾದರೂ ಎದ್ದು ಹೋಗಬಲ್ಲ ಪ್ರೊಫೆಸರ್ ಪಕ್ಕವಾ, ಸಾಲಿನಲ್ಲಿ ನಿಂತ ಕೆಡೆಟ್ ಪಕ್ಕವಾ? ಬೆಳಗ್ಗೆ ಐದೂವರೆಗೆ ಅಭ್ಯಾಸ, ಏನು ತಿನ್ನಬೇಕು ಅಂತ ಚೀಟಿ, ಎಷ್ಟು ಹೊತ್ತಿಗೆ ಮಲಗಬೇಕು ಅಂತ ನಿಯಮ. ಹೊರ ಊರಿನ ಸ್ಪರ್ಧೆಗೆ ಯಾರು ಬಸ್ಸು ಹತ್ತಬೇಕು ಅಂತ ಕೋಚ್ ಬರೆದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವಳು ಓಡುವುದೇ ಇಲ್ಲ. ಮುಂದಿನ ವರ್ಷ ಸ್ಕಾಲರ್‌ಶಿಪ್ ಎಷ್ಟು ಅನ್ನುವುದರಲ್ಲೂ ಅವರ ಮಾತೇ ನಡೆಯುವುದು ಜಾಸ್ತಿ. ನನ್ನ ಕಣ್ಣಿಗೆ ಅವಳು ಕೆಡೆಟ್‌ಗೇ ಹತ್ತಿರ.

2022ರ ಜೂನ್ 27ಕ್ಕೆ ಎಲ್ಲರ ಲೆಕ್ಕಾಚಾರ ಅಲ್ಲಾಡಿತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಹೈಸ್ಕೂಲ್ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಜೋಸೆಫ್ ಕೆನಡಿ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಶಾಲೆ ತಡೆಯಿತು, ಅವರು ಕೋರ್ಟಿಗೆ ಹೋದರು, 6-3ರಲ್ಲಿ ಗೆದ್ದರು. ನ್ಯಾಯಮೂರ್ತಿ ಗೊರ್ಸಚ್ ಬರೆದ ಬಹುಮತದ ತೀರ್ಪಿನಲ್ಲಿ ಇದು ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಸದ್ದಿಲ್ಲದೆ ಮಾಡಿದ ಪ್ರಾರ್ಥನೆ. ನ್ಯಾಯಮೂರ್ತಿ ಸೊಟೊಮಾಯೊರ್ ಭಿನ್ನ ತೀರ್ಪು ಬರೆದರು. ಅದರೊಳಗೆ ಫೋಟೊಗಳನ್ನೇ ಅಂಟಿಸಿದರು: ನಡುವೆ ಕೋಚ್, ಸುತ್ತ ಹುಡುಗರು. ಒಂದೇ ಕೇಸು, ಒಂದೇ ಮೈದಾನ, ಇವರಿಗೆ ಕಂಡಿದ್ದು ಅವರಿಗೆ ಕಾಣಲಿಲ್ಲ.

ಆ ತೀರ್ಪಿನಿಂದ ಹಳೆಯ ಒಂದು ಅಳತೆಗೋಲು ಬಿದ್ದುಹೋಯಿತು. ಅಲ್ಲಿಯವರೆಗೆ, ನೋಡುವವರ ಕಣ್ಣಿಗೆ ಸರ್ಕಾರವೇ ಧರ್ಮಕ್ಕೆ ಬೆನ್ನು ತಟ್ಟಿದ ಹಾಗೆ ಕಾಣುತ್ತದಾ ಅಂತಲೂ ಕೇಳುತ್ತಿದ್ದರು. ಈಗ ಇತಿಹಾಸದಲ್ಲಿ ಏನು ನಡೆದುಬಂದಿದೆ ಅಂತ ಕೇಳುತ್ತಾರೆ. ಚಾಪ್ಲಿನ್ ಪರ ಇರುವವರಿಗೆ ಇದು ದೊಡ್ಡ ಬಲ. ಆದರೆ ಒಂದು ಗೋಡೆ ಉಳಿದಿದೆ: ಒತ್ತಾಯ ಮಾಡುವ ಹಾಗಿಲ್ಲ. ಅದನ್ನು ಗೊರ್ಸಚ್ ಕೂಡ ಒಪ್ಪುತ್ತಾರೆ.

ಇನ್ನು ಆ ಕೇಸಿನ ದಾಖಲೆಯಲ್ಲೇ ಇರುವ ಒಂದು ಪುಟ್ಟ ಸಂಗತಿ. ಒಬ್ಬ ಆಟಗಾರನ ತಂದೆ ಶಾಲೆಗೆ ಹೇಳಿಕೊಂಡಿದ್ದರು: ಮಗ ನಾಸ್ತಿಕ, ಆದರೂ ಪ್ರಾರ್ಥನೆಗೆ ಸೇರಿಕೊಳ್ಳುತ್ತಿದ್ದಾನೆ, ಸೇರದಿದ್ದರೆ ಆಡಲು ಕಡಿಮೆ ಬಿಡುತ್ತಾರೆ ಅಂತ ಅವನಿಗೆ ಭಯ. ಬಹುಮತದ ನ್ಯಾಯಮೂರ್ತಿಗಳು ಇದನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ, ಅದು ಹಿಂದಿನ ಪ್ರಾರ್ಥನೆಗಳ ಮಾತು ಅಂದರು. ನನಗೆ ಮಾತ್ರ ಆ ಹುಡುಗನೇ ಕೇಸಿನ ಮುಖ್ಯ ಪಾತ್ರ. ಐಸ್ ಮೆಷಿನ್ ಪಕ್ಕ ಕೂತಿದ್ದ ನನ್ನ ವಿದ್ಯಾರ್ಥಿಗೂ ಅವನಿಗೂ ಏನು ವ್ಯತ್ಯಾಸ?

ಇನ್ನು ಸಂಬಳದ ಮಾತು. ಈ ಚರ್ಚೆಯಲ್ಲಿ ಸುಮ್ನೆ ಟೈಮ್ ಹಾಳು ಮಾಡುವ ವಿಷಯ ಅಂದರೆ ಇದೇ. 2007ರಲ್ಲಿ ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಕೋಚ್ ಜೀನ್ ಚಿಜಿಕ್ ತಂಡಕ್ಕೆ ಚಾಪ್ಲಿನ್ ಬೇಕು ಅಂದರು. ನೂರಕ್ಕೂ ಹೆಚ್ಚು ಪ್ರೊಫೆಸರ್‌ಗಳು ಸಹಿ ಹಾಕಿ ವಿರೋಧಿಸಿದರು. ಕೊನೆಗೆ ಏನಾಯಿತು ಗೊತ್ತಾ? ಹುದ್ದೆಯ ಹೆಸರು ಬದಲಾಯಿತು. ಚಾಪ್ಲಿನ್ ಹೋಗಿ "ಲೈಫ್ ಸ್ಕಿಲ್ಸ್ ಅಸಿಸ್ಟೆಂಟ್" ಬಂದರು, ಹಣ ಖಾಸಗಿಯವರದು. ಮನುಷ್ಯ ಅದೇ ಪಾದ್ರಿ. ಈಗ ಹಲವು ಕಡೆ "ಕ್ಯಾರೆಕ್ಟರ್ ಕೋಚ್" ಅನ್ನುವ ಹೆಸರೂ ಓಡುತ್ತಿದೆ. ನಿಮ್ಮ ಮಗಳ ತಂಡದಲ್ಲಿ ನೇರವಾಗಿ ಚಾಪ್ಲಿನ್ ಅಂತಲೇ ಕರೆಯುತ್ತಾರಲ್ಲ, ಅವರ ಪ್ರಾಮಾಣಿಕತೆ ಮೆಚ್ಚಬೇಕು.

ಸಂಬಳ ಇಲ್ಲದಿದ್ದರೂ ಪಾದ್ರಿಗೆ ತಂಡದ ಜೊತೆ ಪ್ರಯಾಣ, ಹೋಟೆಲಿನಲ್ಲಿ ಕೋಣೆ, ತಂಡದ ಹೆಸರಿರುವ ಟೀ ಶರ್ಟು, ಮೈದಾನದೊಳಗೆ ಬಿಡುವ ಪಾಸು ಸಿಗುತ್ತಿದ್ದರೆ ಅದು ಕೊಡುಗೆ ಅಲ್ವಾ? ಬೇರೆ ಯಾವ ಗುರುವಿಗೆ ಆ ಬಾಗಿಲು ತೆರೆದಿದೆ? ಮಸೀದಿಯ ಇಮಾಮರನ್ನೋ ನಮ್ಮ ದೇವಸ್ಥಾನದ ಭಟ್ಟರನ್ನೋ ಹಾಗೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ನಾನಂತೂ ಕಂಡಿಲ್ಲ.

ಸೌತ್ ಕ್ಯಾರೊಲಿನಾದ ಕ್ಲೆಮ್ಸನ್ ಯೂನಿವರ್ಸಿಟಿ ವಿರುದ್ಧ 2014ರಲ್ಲಿ ಅದೇ ಫೌಂಡೇಶನ್ ದೂರು ಕೊಟ್ಟಾಗ ಕೋಚ್ ಡಾಬೊ ಸ್ವಿನ್ನಿ ಹೇಳಿದ್ದು, ನಮ್ಮಲ್ಲಿ ಯಾವ ನಂಬಿಕೆಯವರಿಗೂ, ಏನೂ ನಂಬದವರಿಗೂ ಜಾಗ ಇದೆ ಅಂತ. ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಈ ಮನುಷ್ಯನ ತೂಕ ನೋಡಿ: 2022ರಲ್ಲಿ ಅವರ ಹೊಸ ಒಪ್ಪಂದ ಹತ್ತು ವರ್ಷಕ್ಕೆ 11.5 ಕೋಟಿ ಡಾಲರ್. ಅಷ್ಟು ದೊಡ್ಡ ಮನುಷ್ಯ ತನ್ನ ನಂಬಿಕೆಯನ್ನು ದಿನಾ ಬಾಯಿಬಿಟ್ಟು ಹೇಳುವಾಗ, ಹದಿನೆಂಟು ವರ್ಷದ ಹುಡುಗನಿಗೆ "ನಿನ್ನಿಷ್ಟ" ಅನ್ನುವ ಮಾತು ಎಷ್ಟು ಕೇಳಿಸುತ್ತದೆ?

ಇದು ಬರೀ ಊಹೆ ಅನ್ನಬೇಡಿ. ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದಲ್ಲಿದ್ದ ಮೂವರು ಮುಸ್ಲಿಂ ಆಟಗಾರರು, ಅಭ್ಯಾಸದ ಕೊನೆಗೆ ಕ್ರೈಸ್ತ ಪ್ರಾರ್ಥನೆ ಮಾಡಿಸುತ್ತಿದ್ದರು, ನಮ್ಮನ್ನು ಧರ್ಮದ ಕಾರಣಕ್ಕೆ ತಂಡದಿಂದ ತೆಗೆದರು ಅಂತ ಕೇಸು ಹಾಕಿದರು. 2007ರಲ್ಲಿ 1,65,000 ಡಾಲರ್‌ಗೆ ರಾಜಿಯಾಯಿತು, ಹಾಗಾಗಿ ಆರೋಪ ನಿಜವಾ ಅಂತ ತೀರ್ಪೇ ಬರಲಿಲ್ಲ. ಕೊಲರಾಡೊ ಯೂನಿವರ್ಸಿಟಿಗಂತೂ ಇದೇ ಗ್ರಹಚಾರ ಎರಡು ಸಲ ಬಂತು. 1980ರ ದಶಕದಲ್ಲಿ ಬಿಲ್ ಮೆಕಾರ್ಟ್ನಿ ಕೋಚ್ ಆಗಿದ್ದಾಗ ತಂಡದ ಪ್ರಾರ್ಥನೆ ಬಗ್ಗೆ ದೂರು. 2023ರಲ್ಲಿ ಡಿಯಾನ್ ಸ್ಯಾಂಡರ್ಸ್ ಬಂದ ಕೂಡಲೇ ಮತ್ತೆ ಅದೇ ದೂರು. ಅವರಿಗೆ ನಿಯಮ ತಿಳಿಹೇಳಿದ್ದೇವೆ ಅಂತ ಯೂನಿವರ್ಸಿಟಿ ಉತ್ತರ ಕೊಟ್ಟಿತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲ. ನಾನು ಭೇಟಿಯಾದ ಚಾಪ್ಲಿನ್‌ಗಳಲ್ಲಿ ಹೆಚ್ಚಿನವರು ಒಳ್ಳೆಯವರು. ಮೊಣಕಾಲಿನ ಆಪರೇಶನ್ ಆಗಿ ಸೀಸನ್ ಕಳೆದುಕೊಂಡ ಹುಡುಗನ ಹತ್ತಿರ ರಾತ್ರಿ ಹನ್ನೊಂದಕ್ಕೆ ಕೂತು ಮಾತಾಡಲು ಕೋಚ್ ಬರುವುದಿಲ್ಲ, ಪಾದ್ರಿ ಬರುತ್ತಾರೆ. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ವಿಮಾನದ ಟಿಕೆಟ್ ಮಾಡಿಸಿ ಏರ್‌ಪೋರ್ಟಿಗೆ ಬಿಟ್ಟುಬರುತ್ತಾರೆ. ಆಟದಲ್ಲಿ ನಿನ್ನ ನಂಬರ್ ಎಷ್ಟು ಅಂತ ಕೇಳದ ಒಬ್ಬ ದೊಡ್ಡವರು ಆ ಕಟ್ಟಡದಲ್ಲಿ ಇರುವುದು ಸಣ್ಣ ವಿಷಯ ಅಲ್ಲ. ಹಾಗಂತ ಆ ಕೆಲಸಕ್ಕೆ ಪಾದ್ರಿಯೇ ಬೇಕಾ? ಲೈಸೆನ್ಸ್ ಇರುವ ಆಪ್ತಸಮಾಲೋಚಕರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಕೋಚ್ ಜೊತೆ ದಿನಾ ತಿಂಡಿ ತಿನ್ನುವ ಪಾದ್ರಿಗೆ ಹೇಳಿದ್ದು ಎಲ್ಲಿಗೆ ಹೋಗುತ್ತದೆ ಅಂತ ಹುಡುಗರಿಗೆ ಗ್ಯಾರಂಟಿ ಇರುವುದಿಲ್ಲ. ಹಾಗಾಗಿ ಸರ್ಕಾರಿ ಯೂನಿವರ್ಸಿಟಿ ತಂಡಕ್ಕೆ ಅಧಿಕೃತ ಚಾಪ್ಲಿನ್ ಬೇಡ ಅಂತಲೇ ನನ್ನ ಅಭಿಪ್ರಾಯ. ಬೇಕಾದ ಆಟಗಾರರು ತಾವೇ ಸೇರಿ, ತಮ್ಮ ಬಿಡುವಿನಲ್ಲಿ, ಕೋಚ್ ಇಲ್ಲದ ಕೋಣೆಯಲ್ಲಿ ಯಾರನ್ನು ಬೇಕಾದರೂ ಕರೆದು ಪ್ರಾರ್ಥನೆ ಮಾಡಲಿ. ಅದು ಅವರ ಹಕ್ಕು, ಯಾರೂ ತಡೆಯುವ ಹಾಗಿಲ್ಲ.

ನಿಮಗೆ ಸ್ವಲ್ಪ ಕಸಿವಿಸಿ ಆಗಬಹುದಾದ ಒಂದು ಮಾತು. ನಮ್ಮೂರಿನ ಬಸ್ ಡಿಪೋದಲ್ಲಿ ಆಯುಧಪೂಜೆ ನೋಡಿದ್ದೀರಲ್ಲ? ಸರ್ಕಾರಿ ಬಸ್ಸು, ಸರ್ಕಾರಿ ಅಂಗಳ. ಬಾಳೆಕಂದು, ಕುಂಬಳಕಾಯಿ, ಮಂಗಳಾರತಿ. ನಾನು ಚಿಕ್ಕವನಿದ್ದಾಗ ಖುಷಿಯಿಂದ ಚರುಪು ತಿನ್ನಲು ಹೋಗುತ್ತಿದ್ದೆ. ಹಣೆಗೆ ಕುಂಕುಮ ಇಡಿಸಿಕೊಳ್ಳಲು ಮನಸ್ಸಿಲ್ಲದೆ ಹಿಂದೆ ನಿಂತ ಡ್ರೈವರ್ ಇದ್ದನಾ, ಅವನಿಗೆ ಡಿಪೋ ಮ್ಯಾನೇಜರ್ ಮುಖ ನೋಡಲು ಹೇಗನಿಸಿತು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧರ್ಮಬೋಧನೆ ಬೇಡ ಅಂತ ನಮ್ಮ ಸಂವಿಧಾನದ 28ನೇ ವಿಧಿಯೂ ಹೇಳುತ್ತದೆ. ನಿಮ್ಮ ತಂಡದ ಚಾಪ್ಲಿನ್‌ಗೂ ತಾನು ಯಾರನ್ನೋ ಒತ್ತಾಯ ಮಾಡುತ್ತಿದ್ದೇನೆ ಅಂತ ಅನಿಸಿರುವುದಿಲ್ಲ. ಅವರೂ ಚರುಪು ಹಂಚುತ್ತಿದ್ದೇನೆ ಅಂದುಕೊಂಡಿದ್ದಾರೆ.

ಮತಾಂತರದ ಭಯದ ಬಗ್ಗೆ. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಬೈಬಲ್ ಓದಲು ಅವಳಿಗೇ ಆಸಕ್ತಿ ಇದ್ದರೆ ಅದೂ ಅವಳ ಹಕ್ಕೇ, ನೀವು ಕೋಪ ಮಾಡಿಕೊಂಡರೂ ಕಾನೂನು ಅವಳ ಪಕ್ಕ ನಿಲ್ಲುತ್ತದೆ. ನಿಮ್ಮ ಪತ್ರದಲ್ಲಿ ಈ ಭಯ ಮತ್ತು ಒತ್ತಾಯದ ದೂರು ಎರಡೂ ಕಲೆತುಹೋಗಿವೆ. ಒಂದು ಮನೆಯ ಮಾತು, ಇನ್ನೊಂದು ಯೂನಿವರ್ಸಿಟಿಯ ಮಾತು. ಬಿಡಿಸಿಕೊಳ್ಳಿ.

ಈಗ ಪತ್ರ ಯಾಕೆ ಬೇಡ ಅಂದರೆ, ನಿಮ್ಮ ಸಮಸ್ಯೆ ಇರುವುದೇ ಕೋಚ್ ಕೈಯಲ್ಲಿರುವ ಪಟ್ಟಿಯಲ್ಲಿ. ಅದೇ ಕೈಗೆ ಖಾರದ ಪತ್ರ ಕೊಟ್ಟರೆ ಅನುಭವಿಸುವವಳು ಅವಳು. ಜೊತೆಗೆ ಕಾಲೇಜು ಸೇರಿದ ಮೇಲೆ ಅವಳ ದಾಖಲೆಗಳ ಹಕ್ಕೆಲ್ಲ ಅವಳದ್ದೇ, 1974ರ ಫೆರ್ಪಾ ಕಾನೂನು ಹಾಗೆ ಹೇಳುತ್ತದೆ. ಅಪ್ಪ ಬರೆದರೆ "ನಿಮ್ಮ ಮಗಳೇ ಮಾತಾಡಲಿ" ಅಂತ ಉತ್ತರ ಬರುವ ಸಾಧ್ಯತೆ ಜಾಸ್ತಿ.

ಅವಳು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. ಮೊದಲು ಒಂದು ನೋಟ್‌ಬುಕ್ ಇಡಲಿ. ಯಾವ ದಿನ, ಎಲ್ಲಿ, ಪ್ರಾರ್ಥನೆ ಮಾಡಿಸಿದ್ದು ಯಾರು, ಆಗ ಕೋಚ್ ಎಲ್ಲಿ ನಿಂತಿದ್ದರು, ಬೈಬಲ್ ಓದು ತಂಡದ ಅಧಿಕೃತ ವೇಳಾಪಟ್ಟಿಯಲ್ಲಿ ಅಚ್ಚಾಗಿದೆಯಾ, ವಾಟ್ಸಾಪ್ ಗುಂಪಿನಲ್ಲಿ ಕರೆದದ್ದು ಯಾರು. ಜೊತೆಯ ಹುಡುಗಿ "ಬೇಜಾರಾ?" ಅಂತ ಕೇಳಿದ್ದಕ್ಕೆ ಕಾನೂನಿನಲ್ಲಿ ಏನೂ ಬೆಲೆ ಇಲ್ಲ, ಅದು ಗೆಳತಿಯರ ಮಾತು. ಅದನ್ನೇ ಕೋಚ್ ಕೇಳಿದ್ದರೆ ಬೇರೆ ಕತೆ.

ಆಮೇಲೆ ಹೋಗಬೇಕಾದ್ದು ಕ್ರೀಡಾ ವಿಭಾಗಕ್ಕಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಘಟನೆಯಾದ ಎನ್‌ಸಿಎಎಯ ಪ್ರತಿ ಯೂನಿವರ್ಸಿಟಿಯಲ್ಲೂ ಕ್ರೀಡಾಪಟುಗಳ ವಿಷಯ ನೋಡಿಕೊಳ್ಳಲು ಅಧ್ಯಾಪಕರಲ್ಲೇ ಒಬ್ಬ ಪ್ರತಿನಿಧಿ ಇರುತ್ತಾರೆ. ಅವರ ಸಂಬಳ, ಬಡ್ತಿ ಕೋಚ್ ಕೈಯಲ್ಲಿಲ್ಲ. ಅವರ ಹತ್ತಿರ ದೂರು ಅನ್ನದೆ ಪ್ರಶ್ನೆ ಅಂತ ಕೇಳಲಿ: ಈ ಪ್ರಾರ್ಥನೆಗೆ ನಾನು ಬರದಿದ್ದರೆ ಅದು ಕೋಚ್‌ಗೆ ಗೊತ್ತಾಗದ ಹಾಗೆ ಮಾಡಬಹುದಾ? ಈ ಒಂದು ಪ್ರಶ್ನೆಗೆ ಯಾವ ವಕೀಲರೂ ಸುಲಭವಾಗಿ "ಆಗಲ್ಲ" ಅನ್ನಲಾರರು, ಅಂದರೆ ಒತ್ತಾಯ ಇದೆ ಅಂತ ಒಪ್ಪಿಕೊಂಡ ಹಾಗೆ. ಎಷ್ಟೋ ಕಡೆ ಇಷ್ಟಕ್ಕೇ ಕೆಲಸ ಆಗುತ್ತದೆ. ಪ್ರಾರ್ಥನೆಯ ಹೊತ್ತು ಬದಲಾಗುತ್ತದೆ, ಕೋಚ್ ಆ ಹೊತ್ತಿಗೆ ಬೇರೆ ಕಡೆ ಇರುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಯೂನಿವರ್ಸಿಟಿಯ ತಾರತಮ್ಯ ವಿರೋಧಿ ಕಚೇರಿ ಇದೆ. ಅಲ್ಲಿ ಒಂದು ಎಚ್ಚರ: 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಭಾಗ ಜನಾಂಗ, ಬಣ್ಣ, ಮೂಲದೇಶದ ಹೆಸರು ಹೇಳುತ್ತದೆ, ಧರ್ಮದ ಹೆಸರು ಹೇಳುವುದಿಲ್ಲ. ಹಾಗಾಗಿ ಅದನ್ನು ಹಿಡಿದು ಹೋಗಬೇಡಿ, ಯೂನಿವರ್ಸಿಟಿಯ ಸ್ವಂತ ನಿಯಮಪುಸ್ತಕ ಹಿಡಿಯಿರಿ. ಅದರಲ್ಲಿ ಸಾಮಾನ್ಯವಾಗಿ ಧರ್ಮವೂ ಇರುತ್ತದೆ. ಕೇಸು ಹಾಕುವುದು ಕೊನೆಯ ಮಾತು. ಈಗಿನ ಸುಪ್ರೀಂ ಕೋರ್ಟ್ ನೋಡಿದರೆ, ಸೋತು ಕೆಟ್ಟ ತೀರ್ಪೊಂದನ್ನು ದೇಶಕ್ಕೆಲ್ಲ ಹಂಚಿದ ಹಾಗಾದೀತು ಅನ್ನುವ ಭಯ ನನಗಿದೆ.

ಅಲ್ಲಿಯವರೆಗೆ ಆ ದುಂಡಗಿನ ಸಾಲಿನಲ್ಲಿ ಏನು ಮಾಡಬೇಕು ಅಂತ ಅವಳು ನಿಮ್ಮನ್ನು ಕೇಳಿದರೆ, ಕೈ ಹಿಡಿದು ಕಣ್ಣು ತೆರೆದುಕೊಂಡು ನಿಂತರೂ ತಪ್ಪಿಲ್ಲ, ಶೂ ಲೇಸ್ ಕಟ್ಟುವ ನೆಪದಲ್ಲಿ ನಾಲ್ಕು ಹೆಜ್ಜೆ ಆಚೆ ಹೋಗಿ ಬಗ್ಗಿದರೂ ತಪ್ಪಿಲ್ಲ ಅಂತ ಹೇಳಿ. ನನ್ನ ಕ್ಯಾಥೊಲಿಕ್ ವಿದ್ಯಾರ್ಥಿ ಎರಡನ್ನೂ ಮಾಡಿದ್ದಾನೆ. ಕೊನೆಯ ವರ್ಷ ಅವನು ಮತ್ತೆ ಐಸ್ ಮೆಷಿನ್ ಪಕ್ಕಕ್ಕೇ ಬಂದು ಕೂತನಂತೆ. ಆ ಹೊತ್ತಿಗೆ ಅಲ್ಲಿ ಇನ್ನೂ ಇಬ್ಬರು ಕೂತಿದ್ದರಂತೆ.